ಹಳೆಯ ಪುಸ್ತಕ ಹುಡುಕುತ್ತ ಕಲಬುರಗಿ ಸೀಮೆಯಲ್ಲಿ ಆರು ದಿನ

ಮೊದಲ ದಿನ: ಕಲಬುರಗಿ

ಇಪ್ಪತ್ತು ವರ್ಷಗಳಿಂದ ಹಳೆಯ ಪುಸ್ತಕಗಳನ್ನು ಕೂಡಿಡುತ್ತ ಬಂದ ನನಗೆ ಕಲಬುರಗಿ ಎಂದರೆ ಅಮ್ಮನ ತವರೂರು ಎಂಬುದಷ್ಟೇ ಗೊತ್ತಿತ್ತೇ ಹೊರತು ಅದು ಪುಸ್ತಕದ ಸೀಮೆಯೂ ಹೌದು ಎಂಬುದು ಹೊಳೆದಿರಲಿಲ್ಲ. ಕನ್ನಡದ ಹಳೆಯ ಮುದ್ರಣಗಳನ್ನು ಹುಡುಕುವವರು ಸಾಮಾನ್ಯವಾಗಿ ಮಂಗಳೂರು, ಧಾರವಾಡ, ಮೈಸೂರು ಎಂದೇ ಅಲೆಯುತ್ತಾರೆ. ಬಾಸೆಲ್ ಮಿಷನ್ನಿನವರ ಮುದ್ರಣಾಲಯ 1841ರಲ್ಲಿ ಶುರುವಾದದ್ದು ಮಂಗಳೂರಿನಲ್ಲಿ. ಇತ್ತ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಭಾಗದಲ್ಲಿ ಕಚೇರಿಯ ಭಾಷೆ ಉರ್ದು. ಆದ್ದರಿಂದ ಇಲ್ಲಿನ ಕಪಾಟುಗಳಲ್ಲಿ ಹಳೆಯ ಕನ್ನಡ ಅಚ್ಚು ಸಿಗುವುದು ಅಪರೂಪ ಎಂಬುದು ನನ್ನ ಲೆಕ್ಕವಾಗಿತ್ತು. ಲೆಕ್ಕ ತಪ್ಪೇನಲ್ಲ, ಆದರೆ ಆ ಕಪಾಟುಗಳಲ್ಲಿ ಮತ್ತೇನಿದೆ ಎಂದು ನಾನು ಕೇಳಿಕೊಂಡಿರಲೇ ಇಲ್ಲ.

ರಾತ್ರಿ ಬೆಂಗಳೂರು ಬಿಟ್ಟ ರೈಲು ಕಲಬುರಗಿ ಮುಟ್ಟಿದಾಗ ಜನವರಿಯ ಬಿಸಿಲು ಇನ್ನೂ ಹಿತವಾಗಿತ್ತು. ಬ್ರಹ್ಮಪುರದ ಮನೆಯ ಕಟ್ಟೆಯ ಮೇಲೆ ಕುಳಿತಿದ್ದ ಸೋದರಮಾವ ನನ್ನ ಖಾಲಿ ಚೀಲಗಳನ್ನು ಎಣಿಸಿ ನೋಡಿ, "ನನ್ನ ನೋಡ್ಲಾಕ ಬಂದಿಯೊ, ರದ್ದಿ ನೋಡ್ಲಾಕ ಬಂದಿಯೊ?" ಎಂದರು. ಮಾಮಾನಿಗೆ ಈಗ ಎಂಬತ್ತಾರು. ಅವರು ಅಕ್ಷರ ಕಲಿತದ್ದು ನಿಜಾಮರ ಕಾಲದ ಉರ್ದು ಶಾಲೆಯಲ್ಲಿ. ಶಾಲೆಯಲ್ಲಿ ಕನ್ನಡ ಓದಿದ್ದು ಒಂಬತ್ತು ವರ್ಷ ತುಂಬಿದ ಮೇಲೆ. ಇಂದಿಗೂ ಕಿರಾಣಿ ಚೀಟಿಯನ್ನು ಬಲದಿಂದ ಎಡಕ್ಕೆ ಬರೆಯುವ ಅವರ ಅಭ್ಯಾಸವನ್ನು ಮನೆಯ ಮಕ್ಕಳು ಆಡಿಕೊಳ್ಳುತ್ತಾರೆ. ಈ ಪ್ರವಾಸದಲ್ಲಿ ನನಗೆ ಕಣ್ಣಾದದ್ದು ಆ ಅಭ್ಯಾಸವೇ.

ಸಂಜೆ ಇಬ್ಬರೂ ಚೌಕಿನ ಹಿಂದಿನ ಓಣಿಯ ಒಂದು ರದ್ದಿ ಅಂಗಡಿಗೆ ಹೋದೆವು. ತಕ್ಕಡಿಯ ಪಕ್ಕದಲ್ಲಿ ಶಾಲಾ ಪುಸ್ತಕಗಳ ಒಟ್ಟಿಲು, ಅದರ ಹಿಂದೆ ತಗಡಿನ ಪೆಟ್ಟಿಗೆ. ಅಂಗಡಿಯವರು ಪೆಟ್ಟಿಗೆಯಿಂದ ಬಟ್ಟೆ ಸುತ್ತಿದ ಒಂದು ತೆಳ್ಳನೆಯ ಪುಸ್ತಕವನ್ನು ತೆಗೆದು, ಕೈಬರಹದ್ದೆಂದೂ, ಏಳುನೂರು ವರ್ಷ ಹಳೆಯದೆಂದೂ, ಕೊನೆಯ ಪುಟದಲ್ಲಿ 1310 ಎಂದು ಇಸವಿಯೇ ಬರೆದಿದೆಯೆಂದೂ ಹೇಳಿ ಹದಿನೈದು ಸಾವಿರ ಕೇಳಿದರು. ಅವರು ಸುಳ್ಳು ಹೇಳುತ್ತಿರಲಿಲ್ಲ, ತಾವು ನಂಬಿದ್ದನ್ನೇ ಹೇಳುತ್ತಿದ್ದರು. ಈ ವ್ಯಾಪಾರದಲ್ಲಿ ಸುಳ್ಳಿಗಿಂತ ನಂಬಿಕೆಯೇ ಹೆಚ್ಚು ದುಬಾರಿ ಎಂಬುದನ್ನು ನಾನು ಹಿಂದೆಯೂ ಹಣ ತೆತ್ತು ಕಲಿತಿದ್ದೇನೆ.

ಪುಟವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದೆ. ಅಕ್ಷರ ಕೈಬರಹದಂತೆಯೇ ಇದ್ದರೂ ಶಾಯಿ ಎಲ್ಲಿಯೂ ಉಬ್ಬಿರಲಿಲ್ಲ. ಲೇಖನಿಯನ್ನು ದೌತಿಗೆ ಅದ್ದಿ ತೆಗೆದಾಗ ಅಕ್ಷರ ದಟ್ಟವಾಗಿ, ಶಾಯಿ ತೀರುತ್ತ ಬಂದಂತೆ ತಿಳಿಯಾಗುವ ಏರಿಳಿತ ಯಾವ ಸಾಲಿನಲ್ಲಿಯೂ ಕಾಣಲಿಲ್ಲ. ಕಾಗದದ ಅಂಚು ಕಂದಾಗಿ, ಬೆರಳು ತಾಗಿದರೆ ಹಪ್ಪಳದಂತೆ ಮುರಿಯುತ್ತಿತ್ತು. ಬಟ್ಟೆಯ ಚಿಂದಿಯಿಂದ ಕೈಯಲ್ಲಿ ಮಾಡಿದ ಹಳೆಯ ಕಾಗದ ಹೀಗೆ ಮುರಿಯುವುದಿಲ್ಲ, ಮರದ ತಿರುಳಿನ ಕಾರ್ಖಾನೆ ಕಾಗದ ಮುರಿಯುತ್ತದೆ. ಇದು ಕಲ್ಲಚ್ಚಿನ ಪುಸ್ತಕ. ಲಿಪಿಕಾರ ಜಿಡ್ಡಿನ ಶಾಯಿಯಿಂದ ಬರೆದದ್ದನ್ನು ನುಣುಪಾದ ಸುಣ್ಣಕಲ್ಲಿನ ಮೇಲೆ ಇಳಿಸಿ, ಕಲ್ಲನ್ನು ಒದ್ದೆಮಾಡಿ, ಮುದ್ರಣದ ಮಸಿಯನ್ನು ಉರುಳಿಸಿದರೆ ಜಿಡ್ಡಿದ್ದಲ್ಲಿ ಮಸಿ ಹಿಡಿಯುತ್ತದೆ, ನೀರಿದ್ದಲ್ಲಿ ಹಿಡಿಯುವುದಿಲ್ಲ. ಜರ್ಮನಿಯ ಸೆನೆಫೆಲ್ಡರ್ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಕಂಡುಹಿಡಿದ ಈ ಉಪಾಯ ಉರ್ದು, ಫಾರ್ಸಿಗಳಿಗೆ ವರವಾಯಿತು. ಸಾಲಿನ ಮೇಲಿಂದ ಕೆಳಕ್ಕೆ ಜಾರುವ ನಸ್ತಾಲೀಖ್ ಬರಹವನ್ನು ಸೀಸದ ಮೊಳೆಗಳಲ್ಲಿ ಜೋಡಿಸುವುದು ತ್ರಾಸದ ಕೆಲಸ. ಕಲ್ಲಿನ ಮೇಲಾದರೆ ಬರಹಗಾರನ ಕೈಯೇ ಅಚ್ಚಾಗುತ್ತದೆ. ಶಹಾಬಾದಿನ ಹಾಸುಗಲ್ಲೂ ಸುಣ್ಣಕಲ್ಲೇ ಅಲ್ಲವೇ ಎಂದು ಮಾಮಾ ಕಾಲಡಿಯ ನೆಲ ತೋರಿಸಿ ನಕ್ಕರು.

ಇನ್ನು ಇಸವಿಯ ವಿಚಾರ. ಮಾಮಾ ಕನ್ನಡಕ ಏರಿಸಿ ಕೊನೆಯ ಪುಟವನ್ನು ಮೂಗಿನ ಹತ್ತಿರ ಹಿಡಿದು, "ಇದರ ಬಾಜೂಕ ಎರಡು ಕಣ್ಣಿನ ಹೇ ಕಾಣಸ್ತದ ನೋಡು. ಹಿಜರಿ ಅದ ಇದು, ಇಸವಿ ಅಲ್ಲ" ಎಂದರು. ಉರ್ದುವಿನಲ್ಲಿ ವರ್ಷದ ಅಂಕಿಯ ಜೊತೆಗೆ ಬರುವ ಒಂದೇ ಒಂದು ಗುರುತು ಕಾಲವನ್ನು ನಿರ್ಧರಿಸುತ್ತದೆ: ಹಂಝಾ ಎಂಬ ಚಿಹ್ನೆ ಇದ್ದರೆ ಇಸವಿ, ದೋಚಶ್ಮಿ, ಅಂದರೆ ಎರಡು ಕಣ್ಣಿನ, ಹೇ ಅಕ್ಷರ ಇದ್ದರೆ ಹಿಜರಿ, ಫೇ ಅಕ್ಷರ ಇದ್ದರೆ ಕಂದಾಯದ ಲೆಕ್ಕದ ಫಸಲಿ. ಹಿಜರಿ ಚಾಂದ್ರಮಾನದ್ದಾದ್ದರಿಂದ ಅದರ ವರ್ಷ ಸುಮಾರು ಹನ್ನೊಂದು ದಿನ ಚಿಕ್ಕದು. ಅಂಕಿಯಿಂದ ಅದರ ಮೂವತ್ತಮೂರನೆಯ ಒಂದು ಪಾಲನ್ನು ಕಳೆದು 622 ಕೂಡಿಸಬೇಕು. ಆಗ 1310 ಎಂದರೆ 1892-93. ಅದೇ ಫಸಲಿಯಾಗಿದ್ದರೆ 590 ಕೂಡಿಸಿದರೆ ಸಾಕು, 1900ರ ಹತ್ತಿರ ಬರುತ್ತದೆ. ನಿಜಾಮರ ಕಾಲದ ಹೊಲದ ಕಾಗದಗಳೆಲ್ಲ ಫಸಲಿಯಲ್ಲಿ ಇರುವುದರಿಂದ ಈ ಸೀಮೆಯ ರೈತರಿಗೆ ಈ ಕೂಡಿಸುವಿಕೆ ಇಂದಿಗೂ ಬಾಯಿಪಾಠ. ಪುಸ್ತಕ ಸಂಗ್ರಹಕಾರನಾದ ನನಗೆ ಮಾತ್ರ ಹೊಸತು.

ಪುಸ್ತಕ ಯಾವುದೆಂದು ನಾನು ಕೇಳುವ ಮೊದಲೇ ಮಾಮಾ ಎರಡು ಸಾಲನ್ನು ನೋಡದೆಯೇ ಹೇಳಿ ಮುಗಿಸಿದ್ದರು. ಅದು ‘ಕರೀಮಾ’, ಫಾರ್ಸಿ ಕವಿ ಸಾದಿಯ ಹೆಸರಿನಲ್ಲಿ ನಡೆದುಬಂದ ನೀತಿಪದ್ಯಗಳ ಚಿಕ್ಕ ಪುಸ್ತಕ. ಹಿಂದೆ ಫಾರ್ಸಿ ಕಲಿಯುವ ಮಕ್ಕಳಿಗೆ ಮೊದಲು ಹೇಳಿಕೊಡುತ್ತಿದ್ದ ಪಾಠಗಳಲ್ಲಿ ಒಂದು. ಮಾಮಾನಿಗೆ ಅದನ್ನು ಬಾಯಿಪಾಠ ಮಾಡಿಸಿದವರು ಅವರ ತಂದೆ, ಅಂದರೆ ನನ್ನ ಅಜ್ಜ. ಅಂಗಡಿಯವರು ನಿರಾಶೆಯಿಂದಲೋ ಮಾಮಾನ ವಯಸ್ಸಿಗೆ ಮರ್ಯಾದೆಯಿಂದಲೋ ಮುನ್ನೂರು ರೂಪಾಯಿಗೆ ಒಪ್ಪಿದರು.

ಎರಡನೆಯ ದಿನ: ಕಲಬುರಗಿ

ಬೆಳಗ್ಗೆ ಖ್ವಾಜಾ ಬಂದೇನವಾಜರ ದರ್ಗಾಕ್ಕೆ ಹೋದೆವು. ತೈಮೂರನ ದಾಳಿಯ ಹೊತ್ತಿಗೆ, 1398ರಲ್ಲಿ, ದಿಲ್ಲಿ ಬಿಟ್ಟು ದಕ್ಷಿಣಕ್ಕೆ ಬಂದ ಸೂಫಿ ಸಂತ ಬಂದೇನವಾಜ್ ಗೇಸೂದರಾಜರು ಬಹಮನಿ ಸುಲ್ತಾನ ಫಿರೋಜ್ ಶಾಹನ ಕಾಲದಲ್ಲಿ ಇಲ್ಲಿ ನೆಲೆಸಿ 1422ರಲ್ಲಿ ತೀರಿಕೊಂಡರು. ಪೀಠದ ಗ್ರಂಥಭಂಡಾರದಲ್ಲಿ ಅರಬ್ಬಿ, ಫಾರ್ಸಿ, ಉರ್ದು ಹಸ್ತಪ್ರತಿಗಳಿವೆ. ಗೇಸೂದರಾಜರ ಹೆಸರಿನ ಸುತ್ತ ಗ್ರಂಥಸಂಪಾದಕರಿಗೆ ಪಾಠವಾಗಬಲ್ಲ ಒಂದು ಪ್ರಕರಣವೇ ಇದೆ. ದಖನಿ, ಅಂದರೆ ದಕ್ಷಿಣದ ಹಳೆಯ ಉರ್ದು, ಗದ್ಯದ ‘ಮೇರಾಜುಲ್ ಆಶಿಖೀನ್’ ಎಂಬ ಕಿರುಗ್ರಂಥವನ್ನು ಇಪ್ಪತ್ತನೆಯ ಶತಮಾನದಲ್ಲಿ ಮೌಲ್ವಿ ಅಬ್ದುಲ್ ಹಕ್ಕರು ಗೇಸೂದರಾಜರ ಹೆಸರಿನಲ್ಲಿಯೇ ಪ್ರಕಟಿಸಿದರು, ಅದು ಉರ್ದುವಿನ ಮೊದಲ ಗದ್ಯ ಎಂದು ಬಹುಕಾಲ ಪಠ್ಯಗಳಲ್ಲಿ ಓದಿಸಲಾಯಿತು. ಆಮೇಲೆ ಬಂದ ವಿದ್ವಾಂಸರು ಭಾಷೆಯನ್ನೂ ಪ್ರತಿಗಳನ್ನೂ ಪರಿಶೀಲಿಸಿ ಅದು ಬಹಳ ಈಚಿನ ಬರವಣಿಗೆ ಎಂದು ತೋರಿಸಿದರು. ದೊಡ್ಡವರ ಹೆಸರಿಗೆ ಅನಾಥ ಪುಸ್ತಕಗಳು ಬಂದು ಸೇರಿಕೊಳ್ಳುವುದು ಎಲ್ಲ ಭಾಷೆಗಳಲ್ಲಿಯೂ ಇದ್ದದ್ದೇ. ನಮ್ಮ ವಚನಗಳ ಅಂಕಿತಗಳ ಕಥೆ ಬಲ್ಲವರಿಗೆ ಇದರಲ್ಲಿ ಸೋಜಿಗವಿಲ್ಲ.

ಮಧ್ಯಾಹ್ನ ಮಾಮಾನ ಶಾಲೆಯ ಗೆಳೆಯರೊಬ್ಬರ ಮನೆ. ಸಾಹೇಬರು ಮೊದಲು ಚಹಾ ಕೊಟ್ಟರು, ಆಮೇಲೆ ಕಪ್ಪುಗಳನ್ನು ಒಳಗೆ ಕಳಿಸಿ, ಮೇಜನ್ನು ಎರಡು ಸಲ ಒರೆಸಿ, ನಂತರವಷ್ಟೇ ಮನೆತನದ ಹಸ್ತಪ್ರತಿಯೊಂದನ್ನು ಬಿಚ್ಚಿದರು. ಯೂನಾನಿ ಔಷಧಗಳ ಫಾರ್ಸಿ ಪುಸ್ತಕ. ನಿನ್ನೆಯ ಕಲ್ಲಚ್ಚನ್ನು ನೋಡಿದ ಕಣ್ಣಿಗೆ ಇದರ ವ್ಯತ್ಯಾಸ ದೂರದಿಂದಲೇ ಕಂಡಿತು: ಶಾಯಿಯ ಏರಿಳಿತ, ಓರೆಬೆಳಕಿನಲ್ಲಿ ಮಾತ್ರ ಕಾಣುವ ಸಾಲುಗಳ ಒತ್ತುಗೆರೆ. ಹಲಗೆಯ ಮೇಲೆ ದಾರಗಳನ್ನು ಬಿಗಿದು, ಅದರ ಮೇಲೆ ಕಾಗದವಿಟ್ಟು ಬೆರಳಿನಿಂದ ಒತ್ತಿದರೆ ಮೂಡುವ ಈ ಗೆರೆಯ ಸಾಧನಕ್ಕೆ ಮಿಸ್ತರ್ ಎಂದು ಹೆಸರು. ಬಲಪುಟದ ಕೆಳಮೂಲೆಯಲ್ಲಿ ಮುಂದಿನ ಪುಟದ ಮೊದಲ ಪದವನ್ನು ಸಣ್ಣದಾಗಿ ಬರೆದಿತ್ತು. ಪುಟಸಂಖ್ಯೆ ಹಾಕುವ ಪದ್ಧತಿ ಇಲ್ಲದಿದ್ದಾಗ ಹಾಳೆಗಳನ್ನು ಕ್ರಮವಾಗಿಡಲು ಇದೇ ದಾರಿ. "ಬೇಟಾ, ಪುಸ್ತಕ ಖರೀದಿ ಮಾಡೂ ಮುಂದ ಬಣ್ಣಾ ಚಿತ್ರಾ ನೋಡಬ್ಯಾಡ, ಈ ಮೂಲಿ ನೋಡು" ಎಂದು ಸಾಹೇಬರು ಪದದಿಂದ ಪದಕ್ಕೆ ಬೆರಳು ಓಡಿಸಿ, ನಡುವೆ ಎರಡು ಹಾಳೆ ಕಳೆದದ್ದನ್ನು ನನಗೇ ಹುಡುಕಲು ಬಿಟ್ಟರು. ನಾನು ಒಂದನ್ನಷ್ಟೇ ಹಿಡಿದೆ.

ಮೊದಲ ಹಾಳೆಯ ಮೇಲ್ತುದಿಯಲ್ಲಿ ‘ಯಾ ಕಬೀಕಜ್’ ಎಂದು ಬರೆದಿತ್ತು. ಕಬೀಕಜ್ ಎಂದರೆ ಹುಳುಗಳ ರಾಜ, ಅವನ ಹೆಸರು ಕಂಡರೆ ಮಿಕ್ಕ ಹುಳುಗಳು ಪುಸ್ತಕವನ್ನು ಮುಟ್ಟುವುದಿಲ್ಲ ಎಂಬುದು ನಂಬಿಕೆ. ಮೂಲದಲ್ಲಿ ಅದೊಂದು ವಿಷದ ಗಿಡದ ಹೆಸರು. ಗಿಡವನ್ನೇ ಇಡುತ್ತಿದ್ದ ಕಡೆ ಬರಬರುತ್ತ ಹೆಸರಷ್ಟೇ ಉಳಿಯಿತು ಎಂದು ತಿಳಿದವರು ಹೇಳುತ್ತಾರೆ. ಆ ಹೆಸರಿನ ಎರಡನೆಯ ಅಕ್ಷರವನ್ನೇ ಹುಳು ತಿಂದು ತೂತು ಮಾಡಿತ್ತು. ಸಾಹೇಬರು ಅದನ್ನು ತೋರಿಸಿ ಮನಸಾರೆ ನಕ್ಕರು. ಬೆಲೆಯ ಮಾತು ನಾನೂ ಎತ್ತಲಿಲ್ಲ, ಎತ್ತಿದ್ದರೆ ಮುಂದಿನ ಚಹಾ ಸಿಗುತ್ತಿರಲಿಲ್ಲ.

ಮೂರನೆಯ ದಿನ: ಮಳಖೇಡ

ಕಲಬುರಗಿಯಿಂದ ಸೇಡಂ ದಾರಿಯಲ್ಲಿ ಸುಮಾರು ನಲವತ್ತು ಕಿಲೋಮೀಟರ್. ರಾಷ್ಟ್ರಕೂಟರ ಮಾನ್ಯಖೇಟದಲ್ಲಿ ಇಂದು ಕಾಗಿಣಾ ನದಿ, ಕೋಟೆಯ ಗೋಡೆಗಳು, ಬಸದಿ, ಮಠ. ನೋಡಲು ಅರ್ಧ ದಿನ ಸಾಕಾಯಿತು. ಕನ್ನಡದಲ್ಲಿ ದೊರೆತಿರುವ ಮೊದಲ ಗ್ರಂಥ ‘ಕವಿರಾಜಮಾರ್ಗ’ ಅಮೋಘವರ್ಷ ನೃಪತುಂಗನ ಈ ಆಸ್ಥಾನದ್ದು. ಆದರೆ ಅದರ ಒಂದು ಗರಿಯೂ ಈ ಊರಿನಲ್ಲಿ ಸಿಕ್ಕಿದ್ದಲ್ಲ. ಬೇರೆ ಕಡೆ ಉಳಿದ ಪ್ರತಿಗಳಿಂದ ಕೆ.ಬಿ. ಪಾಠಕರು ಅದನ್ನು ಸಂಪಾದಿಸಿ 1898ರಲ್ಲಿ ಬೆಳಕಿಗೆ ತಂದರು. ಅದೇ ಅರಸನನ್ನು ಹೊಗಳಿ ಆರಂಭವಾಗುವ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ 1912ರಲ್ಲಿ ಅಚ್ಚಾದದ್ದು ಮದರಾಸಿನಲ್ಲಿ. ಮಾಳವದ ಪರಮಾರ ಸೀಯಕ ಈ ನಗರವನ್ನು ಸೂರೆ ಮಾಡಿದ್ದು 972ರಲ್ಲಿ. ಆ ಸೂರೆಗೂ ಒಂದು ಪುಸ್ತಕದ ಸಾಕ್ಷಿಯಿದೆ: ಧಾರಾ ನಗರದ ಧನಪಾಲ ತನ್ನ ತಂಗಿಗಾಗಿ ಬರೆದ ಪ್ರಾಕೃತ ನಿಘಂಟಿನ ಕೊನೆಯಲ್ಲಿ, ಮಾನ್ಯಖೇಟವನ್ನು ಲೂಟಿ ಮಾಡಿದ ವರ್ಷದಲ್ಲಿ ಇದನ್ನು ಮುಗಿಸಿದೆ ಎಂದು ಹೇಳಿಕೊಂಡಿದ್ದಾನೆ. ಒಂದು ಊರಿನ ಸುಲಿಗೆ ಇನ್ನೊಂದು ಊರಿನ ಪುಸ್ತಕಕ್ಕೆ ತೇದಿಯಾಯಿತು.

ಬೀದರ ಜಿಲ್ಲೆಯ ಕಲ್ಯಾಣದ ಕಥೆಯೂ ಇಂಥದ್ದೇ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ಕಾಶ್ಮೀರದ ಬಿಲ್ಹಣ ಬರೆದ ‘ವಿಕ್ರಮಾಂಕದೇವಚರಿತ’ದ ತಾಳೆಗರಿ ಪ್ರತಿ 1874ರಲ್ಲಿ ಜಾರ್ಜ್ ಬ್ಯೂಲರನಿಗೆ ಸಿಕ್ಕಿದ್ದು ಜೈಸಲ್ಮೇರದ ಜೈನ ಭಂಡಾರದಲ್ಲಿ, ಮರುಭೂಮಿಯ ನಡುವೆ. ರಾಜಧಾನಿಯಲ್ಲಿ ಹುಟ್ಟಿದ ಪುಸ್ತಕ ರಾಜಧಾನಿಯಲ್ಲಿ ಉಳಿಯುವುದಿಲ್ಲ, ಯಾರೋ ಪ್ರತಿಮಾಡಿ ದೂರ ಒಯ್ದದ್ದು ಉಳಿಯುತ್ತದೆ. ಕಾಗಿಣೆಯ ದಂಡೆಯಲ್ಲಿ ಬುತ್ತಿಯ ಜೋಳದ ರೊಟ್ಟಿ ತಿನ್ನುವಾಗ ನನ್ನ ಮನೆಯ ಕಪಾಟಿನ ನೆನಪಾಗಿ ಸ್ವಲ್ಪ ಇರಿಸುಮುರಿಸಾಯಿತು: ನಾನು ಈವರೆಗೆ ದೂರ ಒಯ್ದದ್ದೆಲ್ಲ ಮೂಲಗಳು, ಪ್ರತಿಗಳಲ್ಲ.

ನಾಲ್ಕನೆಯ ದಿನ: ಸುರಪುರ ಮತ್ತು ಒಂದು ಹಳ್ಳಿ

ಜೇವರ್ಗಿ, ಶಹಾಪುರದ ಮೇಲೆ ಸುರಪುರಕ್ಕೆ ಬಂದಾಗ ಹತ್ತು ಗಂಟೆ. ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೋಡಲೇಬೇಕಿತ್ತು, ಏಕೆಂದರೆ ಅಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಠಕ್ಕರನ್ನು ಕುರಿತು ಬರೆದ ಕಾದಂಬರಿಯ 1839ರ ಮೂರು ಸಂಪುಟಗಳ ಮೊದಲ ಮುದ್ರಣವನ್ನು ನಾನು ಹತ್ತು ವರ್ಷಗಳಿಂದ ಹುಡುಕುತ್ತಿದ್ದೇನೆ. ನಾಯಕರ ಬಾಲರಾಜನ ಪರವಾಗಿ ಈ ಸಂಸ್ಥಾನವನ್ನು ನೋಡಿಕೊಂಡ ಟೇಲರ್ ತನ್ನ ಆತ್ಮಕಥೆಯಲ್ಲಿ ಈ ಊರನ್ನು ಎಷ್ಟು ಹಚ್ಚಿಕೊಂಡು ಬರೆದಿದ್ದಾನೆಂದರೆ, 1877ರಲ್ಲಿ ಅವನ ಮಗಳು ಹೊರತಂದ ಆ ಪುಸ್ತಕ ಇಲ್ಲಿನವರಿಗೆ ಊರಿನ ಚರಿತ್ರೆಯೇ ಆಗಿದೆ. ಆ ಬಾಲಕನೇ ಬೆಳೆದು ರಾಜಾ ವೆಂಕಟಪ್ಪ ನಾಯಕನಾಗಿ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ಪ್ರಾಣ ಕಳೆದುಕೊಂಡ.

ಮಧ್ಯಾಹ್ನ ಪರಿಚಿತ ಶಿಕ್ಷಕರೊಬ್ಬರು ಹತ್ತಿರದ ಹಳ್ಳಿಯ ಅಯ್ಯನವರ ಮನೆಗೆ ಕರೆದೊಯ್ದರು. ಇದು ಓಲೆಗರಿಯ ಸೀಮೆ. ಕೊಡೇಕಲ್ಲ ಬಸವಣ್ಣನ ಪರಂಪರೆಯ ಕಾಲಜ್ಞಾನಗಳು ಈ ಭಾಗದವು. ಅವನ್ನು ಕಂಡವರಿಗೆಲ್ಲ ಓದಲು ಬಾರದಂತೆ ಅಮರಗನ್ನಡ ಎಂಬ ಗುಪ್ತ ಲಿಪಿಯಲ್ಲಿ ಬರೆದ ಕಟ್ಟುಗಳೂ ಇವೆ. ನಾವು ಹೋದ ಮನೆಯಲ್ಲಿದ್ದದ್ದು ಅಂಥ ಗುಟ್ಟಿನದೇನಲ್ಲ. ಭೀಮಕವಿ 1369ರಲ್ಲಿ ಮುಗಿಸಿದ ‘ಬಸವಪುರಾಣ’, ಶ್ರಾವಣದಲ್ಲಿ ಊರೂರಿನಲ್ಲಿ ಓದಿಸುತ್ತಿದ್ದುದರಿಂದ ಹೇರಳವಾಗಿ ಪ್ರತಿಯಾದ ಷಟ್ಪದಿ ಕಾವ್ಯ. ಸಂಗ್ರಹಕಾರರ ಲೆಕ್ಕದಲ್ಲಿ ಇದಕ್ಕೆ ದೊಡ್ಡ ಬೆಲೆಯಿಲ್ಲ.

ಮನೆಯ ಅಜ್ಜಿ ದೇವರ ಜಗುಲಿಯಿಂದ ಕೆಂಪು ಬಟ್ಟೆಯ ಗಂಟನ್ನು ಇಳಿಸಿಕೊಂಡು ಬಂದು, "ಯಪ್ಪಾ, ಕೈ ತೊಳ್ಕೊಂಡು, ಒರಸ್ಕೊಂಡು ಮುಟ್ರಿ" ಎಂದರು. ಹಸ್ತಪ್ರತಿ ಸಂರಕ್ಷಣೆಯ ತರಬೇತಿಯಲ್ಲಿ ಹೇಳುವ ಮೊದಲ ಮಾತೂ ಇದೇ. ಗಂಟಿನೊಳಗೆ ಬೇವಿನ ಒಣಗಿದ ಎಲೆ, ಬಜೆಯ ತುಂಡು. ಒಂದೂವರೆ ಗೇಣಿಗಿಂತ ಉದ್ದ, ಎರಡು ಬೆರಳಿಗಿಂತ ತುಸು ಅಗಲದ 143 ಗರಿಗಳು, ಎರಡು ರಂಧ್ರ, ಅವುಗಳಲ್ಲಿ ಹತ್ತಿಯ ಹುರಿ. ಮೇಲಿನ ಪಟ್ಟಿ ಸಾಗುವಾನಿಯದು, ಸವೆದು ನುಣುಪಾಗಿತ್ತು. ಕೆಳಗಿನ ಪಟ್ಟಿ ಎಂದೋ ಕಳೆದುಹೋಗಿ ಅದರ ಜಾಗದಲ್ಲಿ ಶಾಲೆಯ ಮಕ್ಕಳ ಮರದ ಅಡಿಪಟ್ಟಿಯನ್ನು ಇಟ್ಟು ಕಟ್ಟಿದ್ದರು! ಇಂಚುಗಳ ಗುರುತು ಹಾಗೆಯೇ ಇತ್ತು. ಗರಿ ಅಡಿಪಟ್ಟಿಗಿಂತ ಉದ್ದವಾದ್ದರಿಂದ ಕೆಳಗಿನ ಇಪ್ಪತ್ತು ಗರಿಗಳ ತುದಿಗಳು ಆಸರೆಯಿಲ್ಲದೆ ಬಾಗಿ, ಅಂಚಿನ ಎರಡೆರಡು ಅಕ್ಷರ ಮುರಿದು ಉದುರಿದ್ದವು.

ಗರಿಯ ಮೇಲೆ ಕಂಠ ಎಂಬ ಲೋಹದ ಲೇಖನಿಯ ಮೊನೆಯಿಂದ ಕೊರೆದ ಅಕ್ಷರಕ್ಕೆ ಕಾಡಿಗೆ ತುಂಬಿದಾಗಲೇ ಓದಲು ಬರುವುದು. ಇಲ್ಲಿ ಕಾಡಿಗೆ ಹಲವೆಡೆ ಅಳಿಸಿದ್ದರಿಂದ ಗರಿಯನ್ನು ಓರೆಬಿಸಿಲಿಗೆ ಹಿಡಿದು ನೆರಳಿನಿಂದ ಓದಬೇಕಾಯಿತು. ಪದಗಳ ನಡುವೆ ಬಿಡುವಿಲ್ಲ, ಎಕಾರ ಒಕಾರಗಳ ದೀರ್ಘಕ್ಕೆ ಗುರುತಿಲ್ಲ, ಹತ್ತಿಪ್ಪತ್ತು ಗರಿ ದಾಟುವವರೆಗೆ ತಡವರಿಸಿ ಆಮೇಲೆ ಲಿಪಿಕಾರನ ಕೈ ಪರಿಚಯವಾಯಿತು. ಮೂರು ತಲೆಮಾರು ಪ್ರತಿ ನವಮಿಗೆ ಮೇಲಿನ ಗರಿಗೆ ಕುಂಕುಮ ಹಚ್ಚಿ ಎಣ್ಣೆ ಸವರಿದ್ದರ ಫಲವಾಗಿ ಮೊದಲ ನಾಲ್ಕು ಗರಿ ಒಂದಕ್ಕೊಂದು ಅಂಟಿ ಹಲಗೆಯಾಗಿದ್ದವು. ಕೊನೆಯ ಗರಿಯಲ್ಲಿ ಆ ಹಳೆಯ ಶ್ಲೋಕ, ಎಲ್ಲ ಲಿಪಿಕಾರರೂ ಬರೆಯುವಂಥದ್ದು: ಎಣ್ಣೆಯಿಂದ ಕಾಪಾಡು, ನೀರಿನಿಂದ ಕಾಪಾಡು, ಸಡಿಲ ಕಟ್ಟಿನಿಂದ ಕಾಪಾಡು, ಮೂರ್ಖನ ಕೈಗೆ ಕೊಡಬೇಡ ಎನ್ನುತ್ತದೆ ಪುಸ್ತಕ. ಅಂಟಿದ ಗರಿಗಳನ್ನು ಎಳೆಯಲು ಮೊಮ್ಮಗ ಕೈ ಹಾಕಿದ, ನಾನು ತಡೆದೆ. ಅದು ಪ್ರಯೋಗಾಲಯದಲ್ಲಿ ತಾಳ್ಮೆಯಿಂದ ಆಗಬೇಕಾದ ಕೆಲಸ.

ಅದೇ ಗರಿಯಲ್ಲಿ ಪ್ರತಿಯ ಕಾಲವೂ ಇತ್ತು: ಪ್ಲವನಾಮ ಸಂವತ್ಸರದ ಶ್ರಾವಣ ಶುದ್ಧ ಪಂಚಮಿ. ಶಕವರ್ಷ ಕೊಟ್ಟಿಲ್ಲ. ಪ್ಲವ ಅರವತ್ತು ವರ್ಷಕ್ಕೊಮ್ಮೆ ಬರುತ್ತದೆ, 1781, 1841, 1901. ತಿಥಿಯ ಜೊತೆಗೆ ವಾರವೂ ಸಿಕ್ಕರೆ ಪಂಚಾಂಗದ ಕೋಷ್ಟಕ ನೋಡಿ ಇವುಗಳಲ್ಲಿ ಒಂದನ್ನು ಆರಿಸಬಹುದು. ‘ಪಂಚಮಿ’ಯ ಮುಂದೆ ವಾರ ಬರೆದಿದ್ದ ಜಾಗದಲ್ಲಿ ಸರಿಯಾಗಿ ಒಂದು ಹುಳುವಿನ ತೂತು. ಉಳಿದದ್ದು ‘ವಾರ’ ಎಂಬ ಎರಡಕ್ಷರ ಮಾತ್ರ. ಬರಹದ ಮೋಡಿಯಿಂದ 1841 ಇರಬಹುದೆಂದು ನನ್ನ ಊಹೆ, ಆದರೆ ಊಹೆಗೆ ನಾನು ಹಣ ಕೊಡುವುದಿಲ್ಲ.

ಹಣದ ಮಾತನ್ನು ಎತ್ತಿದವನು ಮೊಮ್ಮಗ, ಅಜ್ಜಿ ಒಳಗೆ ಹೋದಾಗ. ಇಪ್ಪತ್ತು ಸಾವಿರ ಕೊಟ್ಟು ಒಯ್ಯಿರಿ ಎಂದ. ಸರ್ಕಾರದ ಹಸ್ತಪ್ರತಿ ಸಮೀಕ್ಷೆಯವರಿಗೆ ತೋರಿಸಿದರೆ ಹಾಗೆಯೇ ಕೊಂಡೊಯ್ಯುತ್ತಾರೆ ಎಂಬ ಭಯ ಅವನದು. ಹಾಗೇನಿಲ್ಲ, 2003ರಲ್ಲಿ ಶುರುವಾದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನದ ಕೆಲಸ ಎಲ್ಲಿ ಏನಿದೆ ಎಂದು ದಾಖಲಿಸುವುದು, ಒಡೆತನ ಮನೆಯವರದೇ ಎಂದು ವಿವರಿಸಿದೆ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ 75 ವರ್ಷ ದಾಟಿದ, ಮೌಲ್ಯವುಳ್ಳ ಹಸ್ತಪ್ರತಿಯೂ ಪುರಾವಸ್ತುವೇ, ವ್ಯಾಪಾರ ಮಾಡುವವನಿಗೆ ಪರವಾನಗಿ ಬೇಕು, ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ ಎಂದೂ ಹೇಳಿದೆ. ಆದರೆ ನಿಜಕ್ಕೂ ನನ್ನ ಕೈ ಹಿಂದೆಗೆದದ್ದು ಕಾಯ್ದೆಯಿಂದಲ್ಲ. ನನ್ನ ಮನೆಯ ಗಾಜಿನ ಚೌಕಟ್ಟಿನಲ್ಲಿ ಹನ್ನೊಂದು ಗರಿಗಳಿವೆ. ಹದಿನೈದು ವರ್ಷಗಳ ಹಿಂದೆ ಒಬ್ಬ ವ್ಯಾಪಾರಿ ಇಡೀ ಕಟ್ಟನ್ನು ಬಿಚ್ಚಿ ಗರಿ ಲೆಕ್ಕದಲ್ಲಿ ಮಾರುತ್ತಿದ್ದಾಗ ಚೆಂದ ಕಂಡು ಕೊಂಡವು. ಯಾವ ಕಾವ್ಯ ಎಂಬುದು ಗೊತ್ತು, ಯಾರ ಮನೆಯದು, ಯಾವ ಸಂವತ್ಸರ ಎಂಬುದು ಗೊತ್ತಿಲ್ಲ. ಅದನ್ನು ಹೇಳುವ ಕೊನೆಯ ಗರಿ ಬೇರೆ ಯಾರದೋ ಗೋಡೆಯ ಮೇಲಿದೆ. ಇದನ್ನು ಹುಡುಗನಿಗೆ ಹೇಳಿದೆ. ಅವನಿಗೆ ಎಷ್ಟು ನಾಟಿತೋ ತಿಳಿಯದು.

ಆಮೇಲೆ ಅಂಗಳದಲ್ಲಿ ಬಿಳಿ ಪಂಚೆ ಹಾಸಿ, ಪ್ರತಿ ಗರಿಯ ಎರಡೂ ಬದಿಯ ಛಾಯಾಚಿತ್ರ ತೆಗೆಯಲು ಕುಳಿತೆವು. ಅಂಟಿದ ನಾಲ್ಕನ್ನು ಬಿಟ್ಟು 139 ಗರಿ, 278 ಚಿತ್ರ. ಹುಡುಗ ಗರಿ ತಿರುಗಿಸುತ್ತ, ಎಡಗಡೆಯ ಕನ್ನಡ ಅಂಕಿಯನ್ನು ಗಟ್ಟಿಯಾಗಿ ಓದುತ್ತ ಹೋದ. ಎಪ್ಪತ್ತರ ಹೊತ್ತಿಗೆ ಅಂಕಿಯ ಪಕ್ಕದ ಪದಗಳನ್ನೂ ಕೂಡಿಸಿ ಓದತೊಡಗಿದ್ದ. ಈ ನಡುವೆ ಶಿಕ್ಷಕರು ಗರಿಯ ಅಳತೆ ಒಯ್ದು ಊರಿನ ಬಡಗಿಯಿಂದ ಸಾಗುವಾನಿಯ ಹೊಸ ಪಟ್ಟಿಯೊಂದನ್ನು ಮಾಡಿಸಿ ತಂದರು. ಹೊತ್ತು ಮುಳುಗುವಾಗ ಕಟ್ಟನ್ನು ಬಿಗಿದು ಅಜ್ಜಿಯ ಕೈಗೆ ಕೊಟ್ಟೆ. ಎಣ್ಣೆ ಹಚ್ಚಬೇಡಿ ಎಂದೆ. "ಬಸವಣ್ಣಗ ಎಣ್ಣಿ ಇಲ್ಲದ ಹ್ಯಾಂಗ್ರಿ?" ಎಂದರು. ಕೊನೆಗೆ ಎಣ್ಣೆ ಕುಂಕುಮವೆಲ್ಲ ಹೊಸ ಪಟ್ಟಿಗೆ, ಗರಿಗೆ ಏನೂ ಬೇಡ ಎಂಬ ಒಪ್ಪಂದವಾಯಿತು. ಅಡಿಪಟ್ಟಿ ಹುಡುಗನ ತಂಗಿಯ ಪಾಲಾಯಿತು.

ಐದನೆಯ ದಿನ: ಬೀದರ

2017ರಲ್ಲಿ ತೆರೆದ 110 ಕಿಲೋಮೀಟರ್ ರೈಲುದಾರಿಯಿಂದ ಕಲಬುರಗಿಯವರಿಗೆ ಬೀದರ ಹತ್ತಿರವಾಗಿದೆ. ನಿಲ್ದಾಣದಿಂದ ನೇರ ಮಹಮೂದ್ ಗವಾನನ ಮದರಸಾಕ್ಕೆ ಹೋದೆ. ಇರಾನಿನ ಗೀಲಾನ್ ಪ್ರಾಂತ್ಯದಿಂದ ಬಂದು ಬಹಮನಿ ರಾಜ್ಯದ ವಜೀರನಾದವನು 1472ರಲ್ಲಿ ಕಟ್ಟಿಸಿದ್ದು. ಒಳಗೆ 3000 ಪುಸ್ತಕಗಳ ಭಂಡಾರವಿತ್ತು ಎನ್ನುತ್ತದೆ ಚರಿತ್ರೆ. ಮೂರು ಅಂತಸ್ತಿನ ಮುಂಭಾಗದಲ್ಲಿ ಉಳಿದ ಒಂದು ಮಿನಾರು, ನೀಲಿ, ಬಿಳಿ, ಹಳದಿ ಹೆಂಚುಗಳಲ್ಲಿ ಅಲ್ಲಲ್ಲಿ ಉಳಿದ ಬರಹದ ಪಟ್ಟಿ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಮದ್ದಿನ ಸ್ಫೋಟದಿಂದ ಮುಂಭಾಗದ ಅರ್ಧವೇ ಹಾರಿಹೋಯಿತು. ಪುಸ್ತಕದ ಮನೆಯಲ್ಲಿ ಮದ್ದು ತುಂಬಿದವರ ಬಗ್ಗೆ ಏನು ಹೇಳುವುದು.

ಗವಾನನನ್ನು ಕೊಂದದ್ದು ಒಂದು ಕಾಗದ ಎಂಬುದನ್ನು ಮರೆಯಲಾಗದು. ಚರಿತ್ರಕಾರ ಫರಿಶ್ತಾ ಹೇಳುವಂತೆ, ಅವನ ಮೊಹರು ಕಾಯುತ್ತಿದ್ದ ಸೇವಕನನ್ನು ವೈರಿಗಳು ಒಲಿಸಿಕೊಂಡು, ಅಮಲಿನಲ್ಲಿದ್ದವನಿಂದ ಖಾಲಿ ಹಾಳೆಯ ಮೇಲೆ ಮುದ್ರೆ ಒತ್ತಿಸಿದರು. ಒರಿಸ್ಸಾದ ರಾಜನಿಗೆ ದಂಡೆತ್ತಿ ಬಾ ಎಂದು ಬರೆದ ದ್ರೋಹದ ಪತ್ರವನ್ನು ಆ ಮುದ್ರೆಯ ಮೇಲ್ಭಾಗದಲ್ಲಿ ತುಂಬಿ ಸುಲ್ತಾನ ಮೂರನೆಯ ಮುಹಮ್ಮದ್ ಶಾಹನಿಗೆ ತೋರಿಸಿದರು. ಮೊಹರು ನನ್ನದು, ಬರಹ ನನ್ನದಲ್ಲ ಎಂದ ಮುದುಕನ ಮಾತು ನಡೆಯಲಿಲ್ಲ, 1481ರಲ್ಲಿ ತಲೆ ಹೋಯಿತು. ಮುದ್ರೆ ಅಸಲಿ, ಪತ್ರ ನಕಲಿ. ಹಳೆಯ ಪುಸ್ತಕದ ಬಜಾರಿನಲ್ಲಿ ಇಂದಿಗೂ ನಡೆಯುವ ಮೋಸದ ಮಾದರಿ ಇದೇ: ಹಳೆಯ ಪುಸ್ತಕದಿಂದ ಹರಿದ ಖಾಲಿ ಹಾಳೆಯ ಮೇಲೆ ಹೊಸ ಬರಹ, ಹೊಸ ಚಿತ್ರ. ಕಾಗದದ ವಯಸ್ಸನ್ನು ಪರೀಕ್ಷಿಸಿದರೆ ಅದು ತಾನು ಹಳೆಯದೆಂಬ ಸತ್ಯವನ್ನೇ ಹೇಳುತ್ತದೆ, ಬರಹ ಹೊಸತೆಂಬುದನ್ನು ಹೇಳುವುದಿಲ್ಲ. ಭಂಡಾರ ಹೋದರೂ ಗವಾನ್ ಬರೆದ ಪತ್ರಗಳ ಸಂಗ್ರಹ ‘ರಿಯಾಜುಲ್ ಇನ್ಶಾ’ ಪ್ರತಿಗಳ ಮೂಲಕ ಉಳಿದು 1948ರಲ್ಲಿ ಹೈದರಾಬಾದಿನಲ್ಲಿ ಅಚ್ಚಾಯಿತು.

ಚೌಬಾರಾದ ಹತ್ತಿರದ ಬಿದರಿ ಅಂಗಡಿಯೊಂದರಲ್ಲಿ, ಲೋಹದ ಮೇಲೆ ಬೆಳ್ಳಿ ಕೂರಿಸಿ, ಆಮೇಲೆ ಕೋಟೆಯ ಮಣ್ಣಿನಿಂದ ಅದನ್ನು ಕಪ್ಪಾಗಿಸುತ್ತಿದ್ದ ಹಿರಿಯರನ್ನು ಲೇಖನಿ ಇಡುವ ಕಲಮದಾನಿ ಇದೆಯೇ ಎಂದು ಕೇಳಿದೆ. ಬರೆಯುವವರೇ ಇಲ್ಲ, ಈಗ ಮೊಬೈಲು ಇಡುವ ಸ್ಟ್ಯಾಂಡು ಮಾಡುತ್ತೇವೆ ಎಂದರು. ಅವರೇ ತಮಗೆ ಗೊತ್ತಿದ್ದವರ ಮನೆಯಲ್ಲಿ ಯಜದಾನಿಯವರ ಬೀದರಿನ ಪುಸ್ತಕ ಇದೆ ಎಂದು ಕಳಿಸಿದರು. ಎದೆ ಹಾರಿತು. ಹೈದರಾಬಾದ್ ಸಂಸ್ಥಾನದ ಪುರಾತತ್ತ್ವ ನಿರ್ದೇಶಕರಾಗಿದ್ದ ಗುಲಾಂ ಯಜದಾನಿಯವರು ಬೀದರಿನ ಚರಿತ್ರೆ, ಸ್ಮಾರಕಗಳ ಬಗ್ಗೆ ಬರೆದು 1947ರಲ್ಲಿ ಆಕ್ಸ್‌ಫರ್ಡಿನಿಂದ ಹೊರಬಂದ ಗ್ರಂಥ ಅದು, ಈ ಊರಿನ ಬಗ್ಗೆ ಯಾರು ಏನು ಬರೆದರೂ ಅದನ್ನು ತೆರೆಯದೆ ನಡೆಯುವುದಿಲ್ಲ. ಆ ಮನೆಯವರು ಪುಸ್ತಕ ಕೊಟ್ಟರು, ನಾನು ಸಾಹೇಬರ ಪಾಠದಂತೆ ಚಿತ್ರಗಳನ್ನು ನೋಡದೆ, ಮುಂದಿನ ಚಿತ್ರಪಟ್ಟಿಯ ಜೊತೆಗೆ ಹಿಂದಿನ ಫಲಕಗಳನ್ನು ಒಂದೊಂದಾಗಿ ತಾಳೆ ನೋಡಿದೆ. ಒಂಬತ್ತು ಇರಲಿಲ್ಲ. ಹೊಲಿಗೆಯ ಹತ್ತಿರ ಬ್ಲೇಡಿನಿಂದ ಕೊಯ್ದ ನೇರ ಅಂಚುಗಳು ಮಾತ್ರ ಇದ್ದವು. ಹಿಂದೆ ಯಾರೋ ನೋಡಿ ಕೊಡುತ್ತೇನೆಂದು ಎರಡು ದಿನ ಒಯ್ದಿದ್ದರಂತೆ. ಕೊಯ್ದ ಫಲಕಗಳು ಕಟ್ಟು ಹಾಕಿಸಿಕೊಂಡು ಯಾವುದೋ ಹೋಟೆಲಿನ ಗೋಡೆ ಸೇರಿರುತ್ತವೆ. ಮನೆಯವರಿಗೆ ಇದು ಇಂದೇ ಗೊತ್ತಾದದ್ದು. ಹೇಳಬಾರದಿತ್ತೇನೋ ಎಂದು ಈಗಲೂ ಅನ್ನಿಸುತ್ತದೆ.

ಆರನೆಯ ದಿನ: ಮತ್ತೆ ಕಲಬುರಗಿ

ಹಿಂದಿನ ರಾತ್ರಿಯೇ ಮರಳಿದ್ದೆ. ಬೆಳಗ್ಗೆ ಎದ್ದಾಗ ಮಾಮಾ ಕಟ್ಟೆಯ ಬಿಸಿಲಿನಲ್ಲಿ ‘ಕರೀಮಾ’ ಹಿಡಿದು ಕುಳಿತಿದ್ದರು. ನಾನು ಸರಿಯಾಗಿ ನೋಡದೆ ಬಿಟ್ಟಿದ್ದ ಹಿಂಬದಿಯ ಒಳರಟ್ಟನ್ನು ಅವರು ನೋಡಿದ್ದರು. ಅಲ್ಲಿ ಪೆನ್ಸಿಲಿನಲ್ಲಿ, ಕನ್ನಡ ಅಕ್ಷರದಲ್ಲಿ, ಯಾರೋ ಜೋಳದ ಲೆಕ್ಕ ಬರೆದಿದ್ದರು: ಇಂಥವರಿಗೆ ಎರಡು ಪಲ್ಲ, ಇಂಥವರಿಂದ ಬರಬೇಕಾದದ್ದು ಹತ್ತು ಸೇರು. ಕನ್ನಡ ಕಲಿಸದ ಕಾಲದಲ್ಲಿ ಫಾರ್ಸಿ ಓದಿದವನು ಮನೆಯ ಲೆಕ್ಕವನ್ನು ಕನ್ನಡದಲ್ಲಿಯೇ ಇಟ್ಟುಕೊಂಡಿದ್ದ. ನಾನು ಇಡೀ ವಾರ ಹುಡುಕಿ ಕೊಂಡದ್ದರಲ್ಲಿ ಹಳೆಯ ಕನ್ನಡ ಸಿಕ್ಕಿದ್ದು ಅಷ್ಟೇ, ಐದು ಸಾಲು.

ಮಧ್ಯಾಹ್ನದ ರೈಲಿಗೆ ಚೀಲ ಕಟ್ಟುವಾಗ ಪುಸ್ತಕವನ್ನು ಕೇಳಿದೆ. ಮಾಮಾ ಅದನ್ನು ದಿಂಬಿನ ಕೆಳಗೆ ಸೇರಿಸಿ, "ಇದು ಇಲ್ಲೇ ಇರ್ಲಿ ತಮ್ಮಾ. ಫೋಟೋ ಹೊಡಕೊಂಡು ಹೋಗು, ಹ್ಯಾಂಗೂ ಕಲತೀದಿ" ಎಂದರು. ಹೊಡೆದುಕೊಂಡೆ. ಒಳರಟ್ಟಿನದು ಕೈ ನಡುಗಿ ಸ್ವಲ್ಪ ಮಸುಕಾಗಿದೆ, ಸೇರಿನ ಮುಂದಿನ ಅಂಕಿ ಹತ್ತೋ ಹದಿನೆಂಟೋ ಎಂದು ಈಗ ಅನುಮಾನ. ಮುಂದಿನ ಸಲ ಹೋದಾಗ ನೋಡಬೇಕು.